ಎತ್ತರಕ್ಕೆ ತಕ್ಕ ಜೋಡಿ

ಬೆಳಗ್ಗೆ ನಾದಿನಿಯ ಫೋನ್ ಬಂದಾಗಿನಿಂದ ಅವಳಿಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಮೈಮೇಲೆ ಇರುವೆ ಬಿಟ್ಟವರ ಹಾಗೆ ಅಂಗಡಿಯ ತುಂಬ ಓಡಾಡುತ್ತಿದ್ದಳು. ಅಂಗಡಿಯೆಂದರೆ ಗಂಡ ಹೆಂಡತಿ ಸೇರಿ ನಡೆಸುವ ಸೋಫಾ ರಿಪೇರಿ ಅಂಗಡಿ. ಮರದ ಚೌಕಟ್ಟು, ಸ್ಪ್ರಿಂಗು ಅವನ ಪಾಲು. ಸ್ಪಂಜು, ಬಟ್ಟೆ, ಹೊಲಿಗೆ ಅವಳದು. ಇವತ್ತು ಒಂದು ಕುರ್ಚಿಗೆ ಬಟ್ಟೆಯನ್ನು ಉಲ್ಟಾ ಹೊಡೆದು, ಪಿನ್ನುಗಳನ್ನೆಲ್ಲ ಕಿತ್ತು, ಮತ್ತೆ ಉಲ್ಟಾನೇ ಹೊಡೆದಿದ್ದಳು.

ನಾದಿನಿ ಹೇಳಿದ್ದು ಇಷ್ಟೇ: "ಅತ್ತಿಗೆ, ನಿಮ್ ಸ್ಕೂಲಿನ ಬೀಳ್ಕೊಡುಗೆ ಸಮಾರಂಭದ ಹಳೇ ಫಿಲಂ ಸಿಕ್ಕಿದೆ! ಯಾರೋ ವಿಡಿಯೋ ಮಾಡಿಸಿ ಎಲ್ರಿಗೂ ಕಳಿಸ್ತಿದಾರೆ. ನಾನಿನ್ನೂ ನೋಡಿಲ್ಲ. ಸಂಜೆ ಬರ್ತೀನಿ, ಟೀವೀಲಿ ಹಾಕಿ ಒಟ್ಟಿಗೇ ನೋಡೋಣ. ಅಣ್ಣ ನಿಮ್ ಕೈ ಹಿಡ್ಕೊಂಡು ಬಂದಿದ್ದನ್ನ ಕಣ್ಣಾರೆ ನೋಡ್ಬೇಕು ನಾನು!"

ಎಡವಟ್ಟು ಇದ್ದದ್ದೇ ಅಲ್ಲಿ.

ಆ ಶಾಲೆಯಲ್ಲಿ ಒಂದು ಪದ್ಧತಿಯಿತ್ತು. ಓದು ಮುಗಿಸಿದವರನ್ನು ಎತ್ತರದ ಪ್ರಕಾರ ನಿಲ್ಲಿಸಿ, ಒಬ್ಬ ಹುಡುಗ ಒಬ್ಬಳು ಹುಡುಗಿಯಂತೆ ಜೋಡಿ ಮಾಡಿ, ಕೈಕೈ ಹಿಡಿಸಿ, ಕುಳ್ಳರು ಮುಂದೆ, ಉದ್ದದವರು ಹಿಂದೆ ಎಂದು ಸಭಾಂಗಣದೊಳಗೆ ನಡೆಸಿಕೊಂಡು ಹೋಗುತ್ತಿದ್ದರು. ಅವಳೋ ಏಣಿಯಂಥವಳು. ಗಂಡ ಇವತ್ತಿಗೂ ಅವಳ ಭುಜಕ್ಕೆ ಬರುತ್ತಾನೆ. ಆದರೂ ಮದುವೆಯಾದಾಗಿನಿಂದ ಈ ಪುಣ್ಯಾತ್ಮ ಸಿಕ್ಕಸಿಕ್ಕವರಿಗೆಲ್ಲ ಹೇಳುವುದು ಒಂದೇ ಕತೆ: "ಅವತ್ತು ಇವಳ ಜೋಡಿ ನಾನೇ. ಕೈ ಗಡಗಡ ನಡುಗ್ತಿತ್ತು, ಪಾಪ. ಹೆದರ್ಬೇಡ, ನಾನಿದೀನಿ ಅಂದೆ. ಹಿಡಿದ ಕೈ ಇನ್ನೂ ಬಿಟ್ಟಿಲ್ಲ ನೋಡಿ." ಮಗ ಒಮ್ಮೆ, "ಎತ್ತರದ ಪ್ರಕಾರ ಅಂತೀಯ, ನೀನು ನೋಡಿದ್ರೆ ಇಷ್ಟೇ ಇಷ್ಟು ಇದೀಯಲ್ಲಪ್ಪಾ" ಎಂದಿದ್ದ. "ಆಗ ನಾನೇ ಉದ್ದ ಇದ್ದೆ ಕಣೋ. ಆಮೇಲೆ ಇವಳು ಬೆಳೆದ್ಲು, ನಾನು ಅಲ್ಲೇ ನಿಂತೆ" ಎಂದು ಅಪ್ಪ ಮಾತು ತೇಲಿಸಿಬಿಟ್ಟಿದ್ದ.

ಅವಳ ಕೈ ಹಿಡಿದವನು ಅವನಲ್ಲ. ಎಲ್ಲರೂ ಜಿರಾಫೆ ಎಂದು ಕರೆಯುತ್ತಿದ್ದ ಇನ್ನೊಬ್ಬ. ಅದು ಅವಳಿಗೆ ಚೆನ್ನಾಗಿ ಗೊತ್ತು. ಶಾಲೆ ಬಿಟ್ಟು ಎಷ್ಟೋ ವರ್ಷದ ಮೇಲೆ ಬಟ್ಟೆ ಅಂಗಡಿಯೊಂದರಲ್ಲಿ ಈ ಕುಳ್ಳ ಎದುರಿಗೆ ಬಂದು, "ನೆನಪಿದೆಯಾ? ಸಮಾರಂಭದ ದಿನ ನಿಮ್ಮ ಜೋಡಿ ನಾನೇ" ಎಂದಾಗ, ಅವನು ಯಾರೆಂದೇ ಅವಳಿಗೆ ಹೊಳೆದಿರಲಿಲ್ಲ. ಆದರೆ ಆ ಮುಖದಲ್ಲಿ ಅದೆಂಥ ಆಸೆ! ಪಾಪ, ಬೇರೆ ಯಾರದೋ ಕೈ ಹಿಡಿದು ಅದು ನಾನೇ ಅಂದುಕೊಂಡಿದ್ದಾನೆ ಎಂದು ಕನಿಕರಪಟ್ಟು, "ಅಯ್ಯೋ, ನೆನಪಿಲ್ದೆ ಇರುತ್ತಾ?" ಅಂದುಬಿಟ್ಟಳು. ಮದುವೆ, ಮಗ, ಸೊಸೆ, ಅಂಗಡಿ ಎಲ್ಲ ಬಂದದ್ದು ಆ ಒಂದು ಮಾತಿನಿಂದ. ಸಂಜೆ ಟೀವಿಯಲ್ಲಿ ಜಿರಾಫೆ ಪ್ರತ್ಯಕ್ಷನಾದರೆ ಎಲ್ಲರೆದುರು ಇವನ ಮುಖ ಎಲ್ಲಿಡಬೇಕು? ಅದಕ್ಕಿಂತ ಹೆಚ್ಚಾಗಿ, ಹಾಗಾದ್ರೆ ಅವತ್ತು ನೀನು ನನ್ನ ಗುರುತೇ ಹಿಡಿದಿರಲಿಲ್ಲವಾ ಎಂದು ಇವನು ಕೇಳಿದರೆ?

ಗಂಡನ ಅವತಾರವೂ ನೋಡುವ ಹಾಗಿರಲಿಲ್ಲ. ಹೆಬ್ಬೆರಳಿಗೇ ಸುತ್ತಿಗೆ ಬಡಿದುಕೊಂಡ. ಮಧ್ಯಾಹ್ನ ಊಟಕ್ಕೆ ಕೂತವನು ತಟ್ಟೆ ಮುಟ್ಟದೆ, "ಟೀವಿ ಯಾಕೋ ಸರಿಯಿಲ್ಲ ಕಣೇ. ಇನ್ನೊಂದಿನ ಬಾ ಅನ್ನೋಣ ಅವಳಿಗೆ" ಎಂದ. ನಿನ್ನೆ ತಾನೇ ಎರಡು ತಾಸು ನೋಡಿದ ಟೀವಿ! ಅವಳಿಗೂ ಅಷ್ಟೇ ಬೇಕಾಗಿತ್ತು. "ಹೌದ್ರೀ, ನಂಗೂ ತಲೆನೋವು" ಎಂದಳು. ಆದರೆ ಆ ನಾದಿನಿಗೆ ಬೇಡ ಎಂದು ಹೇಳಿ ಗೆದ್ದವರು ಇನ್ನೂ ಹುಟ್ಟಿಲ್ಲ.

ಸಂಜೆ ಬಂದೇ ಬಂದಳು. ಮಗ ಫೋನನ್ನು ಟೀವಿಗೆ ಜೋಡಿಸಿದ, ಸೊಸೆ ಪರದೆ ಎಳೆದಳು. ಗಂಡ, ಅಂಗಡಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಎರಡು ಸಲ ಎದ್ದ. ನಾದಿನಿ ಎರಡು ಸಲವೂ ಅಂಗಿ ಜಗ್ಗಿ ಕೂರಿಸಿದಳು.

ಸದ್ದಿಲ್ಲದ ಮಸುಕು ಚಿತ್ರ. ವೇದಿಕೆಯಿಂದ ತೆಗೆದದ್ದು. ಬಾಗಿಲು ತೆರೆಯಿತು, ಮೊದಲ ಜೋಡಿ ಒಳಗೆ ಬಂತು.

"ಅಣ್ಣಾ! ಇದು ನೀನಲ್ವೇನೋ?" ನಾದಿನಿ ಕಿರುಚಿದಳು. "ಅತ್ತಿಗೆ ಎಲ್ಲಿ? ಯಾವುದೋ ಗುಬ್ಬಚ್ಚಿ ಕೈ ಹಿಡ್ಕೊಂಡು ಬರ್ತಿದೀಯಲ್ಲೋ!"

"ಅಪ್ಪಾ, ಇಷ್ಟು ವರ್ಷ ಬರೀ ಬುರುಡೆನಾ?" ಮಗ ಹೊಟ್ಟೆ ಹಿಡಿದುಕೊಂಡು ನಕ್ಕ. ಗಂಡ ತಲೆ ತಗ್ಗಿಸಿ ನೆಲ ನೋಡುತ್ತಿದ್ದ. ಕಿವಿ ಕೆಂಪಾಗಿತ್ತು. ಅವಳಿಗೆ ತಡೆಯಲಾಗಲಿಲ್ಲ.

"ಸಾಕು ನಗೋದು! ಹೌದು ಅಂದಿದ್ದು ನಾನು. ನಂಗೆ ಮೊದ್ಲಿಂದ್ಲೂ ಗೊತ್ತಿತ್ತು."

ಗಂಡ ತಲೆಯೆತ್ತಿದ. "ಮೊದ್ಲಿಂದ್ಲೂ ಅಂದ್ರೆ?"

"ಬಟ್ಟೆ ಅಂಗಡೀಲೇ. ನೀವು ಯಾರು ಅಂತಾನೇ ನಂಗೆ ಗೊತ್ತಿರ್ಲಿಲ್ಲ ರೀ."

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

"ನಾನಲ್ಲ ಅಂತ ನಂಗೂ ಗೊತ್ತಿತ್ತು ಕಣೇ" ಎಂದ ಗಂಡ. "ಮಾತಾಡ್ಸೋಕೆ ಬೇರೇನೂ ತೋಚ್ಲಿಲ್ಲ. ಇಲ್ಲ ಅಂತೀಯ, ನಕ್ಕು ಏನಾದ್ರೂ ಹೇಳೋಣ ಅಂದ್ಕೊಂಡಿದ್ದೆ. ನೀನು ಹೌದು ಅಂದ್ಬಿಟ್ಟೆ. ಆಮೇಲೆ ಹೇಗೆ ವಾಪಸ್ ತಗೊಳ್ಳೋದು?"

"ಅಲ್ರೀ, ಪರಿಚಯಾನೇ ಇಲ್ದಿರೋ ನನ್ನನ್ನೇ ಯಾಕೆ ಮಾತಾಡ್ಸೋಕೆ ಬಂದ್ರಿ?" ಅವಳ ದನಿ ಜೋರಾಯಿತು. ಸಿಟ್ಟೋ ನಾಚಿಕೆಯೋ ಅವಳಿಗೇ ತಿಳಿಯಲಿಲ್ಲ.

"ಅತ್ತೆ, ಇಲ್ನೋಡಿ, ಮಾವ ಏನ್ಮಾಡ್ತಿದಾರೆ!" ಎಂದು ಸೊಸೆ ಟೀವಿಯ ಕಡೆ ಕೈ ತೋರಿಸಿದಳು.

ಚಿತ್ರ ಇನ್ನೂ ಓಡುತ್ತಲೇ ಇತ್ತು. ಸಾಲಿನ ಮುಂದಿದ್ದ ಕುಳ್ಳ ಹುಡುಗ ಮುಂದೆ ನಡೆಯುತ್ತ ಕತ್ತನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದ್ದ. ಟೀಚರೊಬ್ಬರು ಬಂದು ತಲೆ ಹಿಡಿದು ಮುಂದಕ್ಕೆ ತಿರುಗಿಸಿದರು. ಅವರು ಆ ಕಡೆ ಹೋಗಿದ್ದೇ ತಡ, ಮತ್ತೆ ಹಿಂದಕ್ಕೆ. ಹೋಗಿ ಕುರ್ಚಿಗೆ ಡಿಕ್ಕಿ ಹೊಡೆದ. ಹಿಂದಿದ್ದವರು ಒಬ್ಬರ ಮೇಲೊಬ್ಬರು ಬಿದ್ದರು. ಎದ್ದವನು ತುದಿಗಾಲಲ್ಲಿ ನಿಂತು, ಎಲ್ಲರ ತಲೆಗಳ ಆಚೆ ಇಣುಕಿದ.

ಸಾಲಿನ ತುದಿಯಲ್ಲಿ, ಬಾಗಿಲ ಹತ್ತಿರ, ಜಿರಾಫೆ ತನ್ನ ಮನೆಯವರಿಗೆ ಎರಡೂ ಕೈ ಬೀಸುತ್ತಿದ್ದ. ಪಕ್ಕದಲ್ಲಿ ಏಣಿಯಂಥ ಹುಡುಗಿಯೊಬ್ಬಳು ತನ್ನ ಉದ್ದಕ್ಕೆ ತಾನೇ ನಾಚಿಕೊಂಡು, ಬೆನ್ನು ಬಗ್ಗಿಸಿ, ನೆಲ ನೋಡುತ್ತ ಒಬ್ಬಳೇ ನಿಂತಿದ್ದಳು.

ಅವಳು ಸೋಫಾದಿಂದ ಎದ್ದುಬಿಟ್ಟಳು. "ಏ ಪೆದ್ದಿ" ಎಂದು ಟೀವಿಗೇ ಗದರಿದಳು, "ತಲೆ ಎತ್ತೇ! ಒಂದ್ಸಲ ಆ ಕಡೆ ನೋಡೇ!"

ಹುಡುಗಿ ನೋಡಲಿಲ್ಲ.