ಜಾಗ ತಪ್ಪಿದ ದೀರ್ಘ

ಮೊಣಕಾಲೂರಿ ಚಟ್ಟದ ಹಗ್ಗ ಬಿಗಿಯುತ್ತಿದ್ದ ರಹೀಲ್‌ನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ನರಸಾಪುರದ ಕಾರ್ಖಾನೆಯಿಂದ ಮ್ಯಾನೇಜರ್ ಶ್ರೀಪ್ರಿಯಾ.

"ಸರ್, ನಲವತ್ತು ಗಾಡೀನೂ ಹೋಯ್ತು. ಕೋಲಾರ, ಮಾಲೂರು, ಶ್ರೀನಿವಾಸಪುರ, ಎಲ್ಲಾ ಕಡೆ ತಲುಪಿದಾವೆ."

ಸರಿ ಎಂದು ಫೋನು ಇಟ್ಟ. ಪೊಲೀಸರ ಗಾಡಿಗಳಿಗೆ ಸೈರನ್ನು, ದೀಪ, ಜಾಲರಿ ಕೂಡಿಸಿ, ಹೆಸರು ಬರೆಸಿ ಕೊಡುವುದು ಅವನ ಕಸುಬು. ಒಂದು ಕಾಲಕ್ಕೆ ಇದೇ ಮುಳಬಾಗಿಲಿನಲ್ಲಿ ತಗಡಿನ ಶೆಡ್ಡು, ಇಬ್ಬರೇ ಜನ. ಈಗ ಎಂಬತ್ತು ಜನ, ಎರಡು ಶಿಫ್ಟು, ಗೇಟಿನಲ್ಲಿ ಕಾವಲು. ಆ ಇಬ್ಬರಲ್ಲಿ ಒಬ್ಬ, ಪೇಂಟರ್ ಕದಿರೇಶ್, ಈಗ ಚಟ್ಟದ ಮೇಲೆ ಮಲಗಿದ್ದ. ಅಕ್ಷರದ ಸ್ಟಿಕ್ಕರು ಕತ್ತರಿಸುವ ಮೆಷಿನ್ನು ಬಂದ ವರ್ಷ ಅವನ ಕುಂಚಕ್ಕೆ ಕೆಲಸ ಮುಗಿದಿತ್ತು. ನಿನ್ನೆ ಸಂಜೆ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ.

ಹೊಸ್ತಿಲಲ್ಲಿ ಕೂತಿದ್ದ ಕದಿರೇಶನ ಹೆಂಡತಿ ಗಂಗಾಲಕ್ಷ್ಮಿ ಕರೆದಳು. "ಸಾಹೇಬ್ರೇ."

ಮೂವತ್ತು ವರ್ಷ ರಹೀಲಣ್ಣ ಎಂದ ಬಾಯಿ ಅದು. ಅವನಿಗೆ ಕಸಿವಿಸಿಯಾಯಿತು.

"ಹೋದ್ ವಾರ ಎರಡ್ ದಿನ ನಿಮ್ ಗೇಟಲ್ಲಿ ಕೂತಿದ್ರು. ಯಾಕ್ ಒಳಕ್ ಬಿಡ್ಲಿಲ್ಲ?"

"ಕೆಲಸ ಕೇಳೋಕ್ ಬಂದಿದಾನೆ ಅಂದ್ಕೊಂಡೆ ಕಣಮ್ಮ. ಇಲ್ಲ ಅನ್ನೋಕೆ ಮುಖ ಇರ್ಲಿಲ್ಲ. ಸಾಹೇಬ್ರು ಊರಲ್ಲಿಲ್ಲ ಅಂತ ಹೇಳಿಸ್ದೆ."

"ಕೆಲಸಕ್ಕಲ್ಲ. ಮಾದರಿಗೆ ಅಂತ ಒಂದ್ ಜೀಪು ಇಲ್ಲೀ ಸ್ಟೇಷನ್‌ಗೆ ಕಳ್ಸಿದ್ರಲ್ಲ, ಅದರ ಮೇಲೆ ಪೋಲಿಸ್ ಅಂತ ಐತಂತೆ. ದೀರ್ಘ ಜಾಗ ತಪ್ಪೈತೆ, ನಲವತ್ತು ಗಾಡಿ ಹೊರಡೋಕ್ ಮುಂಚೆ ಹೇಳ್ಬೇಕು ಅಂತ ಬಂದಿದ್ರು. ನಗೋರ್ ಮುಂದೆ ಜಾರಿ ಬಿದ್ದಂಗಾಯ್ತದೆ ನಮ್ ರಹೀಲಂಗೆ ಅಂತ ಒಂದೇ ಚಡಪಡಿಕೆ."

ರಹೀಲ್‌ನ ಕೈಯಲ್ಲಿ ಹಗ್ಗ ಸಡಿಲವಾಯಿತು. ಯಾರೋ ಬಂದು ಬಿಗಿದು ಕಟ್ಟಿದರು.

*

ರಹೀಲ್ ಓದಿದ್ದು ಉರ್ದು ಶಾಲೆಯಲ್ಲಿ. ಅವನಿಗೆ ಕನ್ನಡ ಅಕ್ಷರ ಕೂಡಿಸಿ ಓದಲು ಕಲಿಸಿದ್ದು ಜೀಪಿನ ಬಾನೆಟ್ಟು. ಕದಿರೇಶ್ ಬರೆಯುವನು, ಇವನು ಬಣ್ಣದ ಡಬ್ಬ ಹಿಡಿದು ಓದುವನು. ಒಮ್ಮೆ ತಪ್ಪಿ ಓದಿದಾಗ ಕದಿರೇಶ್ ತಿದ್ದಿದ್ದ.

"ಲೇ, ದೀರ್ಘ 'ಲಿ'ಗೆ ಕಣೋ, 'ಪೊ'ಗಲ್ಲ. 'ಪೊ'ಗೆ ಕೊಟ್ರೆ ಪೋಲಿ ಆಗ್ತಾನೆ. ಇನ್ಸ್‌ಪೆಕ್ಟ್ರು ಇಬ್ರನ್ನೂ ಒಳಗ್ ಹಾಕ್ತಾರೆ."

"ನಿನ್ನ ಹಾಕ್ತಾರೆ. ನಾನು ಸೈರನ್ನಿನೋನು."

ನಕ್ಕು ನಕ್ಕು ಕದಿರೇಶನ ಕುಂಚ ಗೆರೆ ದಾಟಿತ್ತು. ಅದನ್ನು ಒರೆಸಿ ಮತ್ತೆ ಬರೆಯಲು ಅರ್ಧ ದಿನ ಹಿಡಿದಿತ್ತು. ಆಗ ಒಂದು ಜೀಪಿಗೆ ಮೂರು ದಿನ ಬೇಕಿತ್ತು.

ಈಗ ಒಬ್ಬರು ಟೈಪು ಮಾಡುತ್ತಾರೆ, ಇನ್ನೊಬ್ಬರು ಕತ್ತರಿಸುತ್ತಾರೆ, ಮತ್ತೊಬ್ಬರು ಅಂಟಿಸುತ್ತಾರೆ. ರಹೀಲ್ ಸಹಿ ಹಾಕುತ್ತಾನೆ. ಓದುವುದು ಮಾತ್ರ ಯಾರ ಪಾಲಿಗೂ ಬಂದಿರಲಿಲ್ಲ.

*

ಕೆರೆಯ ಆಚೆ ಗುಂಡಿ ತೋಡಿದ್ದರು. ಹೆಣ ಇಳಿಸುವ ಹೊತ್ತಿಗೆ ಠಾಣೆಯ ಜೀಪು ಬಂತು. ಕದಿರೇಶನ ಹಳೆಯ ಗೆಳೆಯ, ಡ್ರೈವರ್ ಸುಬ್ರಹ್ಮಣ್ಯ, ಹಾರ ಹಿಡಿದು ಇಳಿದ. ರಹೀಲ್ ಬಾನೆಟ್ಟಿನ ಮುಂದೆ ನಿಂತು ಮೊದಲ ಸಲ ಓದುವವನ ಹಾಗೆ ಒಂದೊಂದೇ ಅಕ್ಷರ ಓದಿದ. ಪೋ. ಲಿ. ಸ್.

"ಬಿಡಿ ಭಾಯ್," ಎಂದ ಸುಬ್ರಹ್ಮಣ್ಯ. "ಸ್ಟೇಷನ್ನಲ್ಲಿ ಎಲ್ರೂ ನಕ್ಕಾಯ್ತು. ಕದಿರೇಶ ಒಬ್ನೇ ನಗ್ಲಿಲ್ಲ. ನಿಮ್ ಹತ್ರ ಹೋಗಿ ಹೇಳ್ತೀನಿ ಅಂದ."

ರಹೀಲ್‌ಗೆ ದುಃಖಕ್ಕಿಂತ ಮೊದಲು ನಾಚಿಕೆಯಾಯಿತು. ಬಗ್ಗಿ 'ಪೋ'ದ ದೀರ್ಘವನ್ನು ಉಗುರಿನಿಂದ ಕೆದಕಿದ. ನೀಲಿ ಸ್ಟಿಕ್ಕರಿನ ಆ ಚೂರು ಮೆಲ್ಲಗೆ ಎದ್ದು ಹೆಬ್ಬೆರಳಿಗೆ ಅಂಟಿಕೊಂಡಿತು. ಅದನ್ನು 'ಲಿ'ಯ ಪಕ್ಕಕ್ಕೆ ಹಿಡಿದು ನೋಡಿದ. ಮೆಷಿನ್ನು 'ಸ್' ಅನ್ನು 'ಲಿ'ಗೆ ಒತ್ತಿಸಿಯೇ ಕತ್ತರಿಸಿತ್ತು. ನಡುವೆ ಕಡ್ಡಿ ತೂರುವಷ್ಟೂ ಜಾಗವಿರಲಿಲ್ಲ.

"ಸಾಹೇಬ್ರೇ, ಮಣ್ಣ್ ಹಾಕೋಕ್ ಬನ್ನಿ," ಎಂದು ಯಾರೋ ಕೂಗಿದರು.

ಹೋಗಿ ಬಗ್ಗಿದ. ಹಿಡಿ ಮಣ್ಣು ಬೆರಳ ಸಂದಿಯಿಂದ ಕೆಳಗಿಳಿಯಿತು. ದೀರ್ಘ ಇಳಿಯಲಿಲ್ಲ. ಕೈ ಕೊಡವಿದ, ಇನ್ನೊಮ್ಮೆ ಕೊಡವಿದ. ಹಿಂದೆ ನಿಂತವರು ತಮ್ಮ ಸರದಿಗೆ ಕಾಯುತ್ತಿದ್ದರು.