ನೂರಾ ಹದಿನಾಲ್ಕನೇ ಕೋಣೆಯ ಮೇಡಂ

ಮಧ್ಯಾಹ್ನ ಮೂರಕ್ಕೆ ಮುಖಪುಟ ತೀರ್ಮಾನವಾಯಿತು. ಮೇಲೆ ಆರು ಕಾಲಂ, ಕೆಂಪು ಗ್ರಹದಲ್ಲಿ ಇಳಿದ ಯಂತ್ರ ಕಳಿಸಿದ ಕಲ್ಲಿನ ಫೋಟೊ. ಕೆಳಗೆ ಎರಡು ಕಾಲಂ, ಬಿರುಗಾಳಿಗೆ ಚಿಂದಿಯಾದ ವಿಹಾರದ್ವೀಪ.

"ಕಲ್ಲು ನೋಡ್ರಿ! ಇರುವೆ ಹರಿದಾಡಿದ್ರೂ ಕಾಣುತ್ತೆ" ಎಂದರು ಸಂಪಾದಕರು, ತಾವೇ ಹೆತ್ತವರಂತೆ.

ಅಲ್ಲಿ ಇರುವೆ ಇಲ್ಲ ಎಂದು ಹೇಳುವ ಉತ್ಸಾಹ ಉಪಸಂಪಾದಕನಿಗೆ ಇರಲಿಲ್ಲ. ಅವನ ಅಕ್ಕ ಆ ದ್ವೀಪದ ಹೋಟೆಲಿನಲ್ಲಿ ಕೋಣೆ ಗುಡಿಸಿ ಹಾಸಿಗೆ ಬದಲಿಸುವವಳು. ಎರಡು ದಿನದಿಂದ ಅವಳ ಫೋನ್ ಸತ್ತಿತ್ತು. ಕೋಟಿಗಟ್ಟಲೆ ಮೈಲಿ ಆಚೆಯ ಕಲ್ಲಿನ ಯೋಗಕ್ಷೇಮ ನಿಮಿಷಗಳಲ್ಲಿ ಬಂದು ತಲುಪುತ್ತಿತ್ತು. ದೋಣಿಯಲ್ಲಿ ಅರ್ಧ ದಿನದ ದಾರಿಯಷ್ಟೇ ದೂರವಿದ್ದ ಅಕ್ಕನದು ಬಂದಿರಲಿಲ್ಲ.

ಬಿರುಗಾಳಿಗೆ ಮುಂಚೆಯೇ ಅಚ್ಚಾದ ಪ್ರವಾಸ ಪುರವಣಿ ಅದೇ ದ್ವೀಪದ ಮೇಲಿತ್ತು. 'ಅಲೆಗಳ ಮಡಿಲಲ್ಲಿ ಮೈಮರೆಯಿರಿ' ಎಂಬ ತಲೆಬರಹ ಅವನದೇ. ಈಗ ನೋಡಿದರೆ ಸುಳ್ಳೇನೂ ಆಗಿರಲಿಲ್ಲ.

ದ್ವೀಪದಲ್ಲಿ ಸಿಕ್ಕಿಕೊಂಡವರನ್ನು ಹುಡುಕಿಸುವ ಸಹಾಯವಾಣಿಗೆ ಏಳನೇ ಸಲ ಫೋನ್ ಮಾಡಿದ.

"ರೂಮ್ ನಂಬರ್ ಹೇಳಿ ಸರ್."

"ರೂಮ್ ಇಲ್ಲಮ್ಮ, ಅವಳು ರೂಮ್ ಗುಡಿಸೋಳು."

"ನಮ್ಮ ಪಟ್ಟಿ ಅತಿಥಿಗಳದ್ದು ಮಾತ್ರ ಸರ್. ಕೆಲಸದೋರನ್ನ ಹೋಟೆಲ್‌ನೋರೇ ನೋಡ್ಕೋತಾರೆ."

"ಹೋಟೆಲ್ಲೇ ಇಲ್ವಲ್ಲಮ್ಮ."

"ಹೌದು ಸರ್, ತುಂಬಾ ಬೇಜಾರಿನ ವಿಷಯ" ಎಂದು ಅವಳು ಫೋನ್ ಇಟ್ಟಳು.

ಅವನು ನೀರು ಕುಡಿದು ಬಂದ. ಹತ್ತು ವರ್ಷ ಊರವರ ಸುದ್ದಿಗೆ ಉಪ್ಪುಖಾರ ಹಚ್ಚಿದ ಕೈ ಅದು. ಪಕ್ಕದ ಮೇಜಿನ ಫೋನೆತ್ತಿ, ಮತ್ತೆ ಅದೇ ನಂಬರ್ ಒತ್ತಿ, ಗಂಟಲು ದಪ್ಪ ಮಾಡಿಕೊಂಡು, ಅಕ್ಕನ ಹೆಸರು ಹೇಳಿದ.

"ರೂಮ್ ನೂರಾ ಹದಿನಾಲ್ಕು. ರಜೆಗೆ ಅಂತ ಹೋಗಿದ್ರು. ಎರಡು ದಿನದಿಂದ ಏನ್ ಕತ್ತೆ ಕಾಯ್ತಿದೀರಾ?"

"ಕ್ಷಮಿಸಿ ಸರ್! ಈಗ್ಲೇ ಹುಡುಕಿಸ್ತೀವಿ ಸರ್!"

ಬೈಗುಳಕ್ಕೆ ಇಷ್ಟು ಮರ್ಯಾದೆ ಸಿಗುತ್ತದೆಂದು ಗೊತ್ತಿದ್ದರೆ ಮೊದಲ ಸಲವೇ ಬೈಯಬಹುದಿತ್ತು.

ಮುಕ್ಕಾಲು ಗಂಟೆಯಲ್ಲಿ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು.

"ಲೋ, ಏನೋ ಹೇಳಿದೀಯ ಇವ್ರಿಗೆ?" ಅಕ್ಕನ ಪಿಸುದನಿ. "ಶಾಲೆ ಜಗುಲೀಲಿ ಕೂತಿದ್ದೆ. ಅಧಿಕಾರಿಯೊಬ್ಬ ಬನ್ನಿ ಮೇಡಂ, ಬನ್ನಿ ಮೇಡಂ ಅಂತ ಕಂಬಳಿ ಹೊದಿಸಿ, ತನ್ನ ಫೋನ್ ಬೇರೆ ಕೊಟ್ಟಿದಾನೆ. ದೋಣಿ ಹತ್ಬೇಕಂತೆ."

"ಬಾಯ್ ಮುಚ್ಕೊಂಡು ಹತ್ತೇ."

"ಜೊತೆಗಿರೋ ಹುಡ್ಗೀರು?"

"ನೀನು ಮೊದ್ಲು ಹತ್ತು."

"ಒಂದೇ ಪೊಟ್ಟಣ ಬಿಸ್ಕತ್ತು ಹಂಚ್ಕೊಂಡು ತಿಂದಿದೀವಿ ಕಣೋ. ಒಬ್ಳೇ ಹತ್ತಲ್ಲ."

"ನೀನು ಬರೋ ತನಕ ದೋಣಿ ಕಾಯಲ್ಲ ಅಕ್ಕ!"

"ನಾನು ಅಂದ್ರೆ ಕಾಯಲ್ಲ. ಮೇಡಂ ಅಂದ್ರೆ ಕಾಯುತ್ತೆ."

ಅವನು ಪೆನ್ನು ಎತ್ತಿಕೊಂಡ. "ಎಷ್ಟು ಜನ?"

"ಎಂಟು. ಹೆಸರು ಬರ್ಕೋ, ಬೇಗ."

"ಏನ್ರಿ, ಕಲ್ಲಿಗೆ ತಲೆಬರಹ ಎಲ್ರಿ?" ಸಂಪಾದಕರು ಒಳಗಿನಿಂದ ಕೂಗಿದರು.

ಎಂಟೂ ಹೆಸರು ಬರೆದುಕೊಂಡು ಅವನು ಮತ್ತೆ ಸಹಾಯವಾಣಿಯ ನಂಬರ್ ಒತ್ತಿದ. ಈ ಸಲ ಗಂಟಲು ಇನ್ನಷ್ಟು ದಪ್ಪವಾಗಿತ್ತು.

"ನೂರಾ ಹದಿನೈದರಿಂದ ನೂರಾ ಇಪ್ಪತ್ತೆರಡು. ಎಲ್ಲಾ ನಮ್ಮ ಮನೆಯೋರೇ. ಬರ್ಕೊಳ್ಳಿ."