ಇಡೀ ಬೀದಿಗೆ ಒಂದೇ ನಂಬರು

ಟೈಲರಕ್ಕನ ಅತ್ತೆಯ ಕೆಮ್ಮು ಹೊಲಿಗೆ ಯಂತ್ರದ ಸದ್ದನ್ನೂ ಮೀರಿಸುತ್ತಿತ್ತು. ಕಫ ಪರೀಕ್ಷೆಗೆ ಕೊಟ್ಟು ವಾರಗಳೇ ಉರುಳಿದ್ದವು. ಸುದ್ದಿ ಬಂದಿಲ್ಲ ಅಂದರೆ ಕಾಯಿಲೆಯೂ ಇಲ್ಲ ಅಂತ ಅವಳು ನಂಬಿಕೊಂಡಿದ್ದಳು. ಅವಳ ಪುಟ್ಟ ಮಗಳು ಮಲಗುತ್ತಿದ್ದದ್ದು ಅಜ್ಜಿಯ ಮಗ್ಗುಲಲ್ಲೇ.

ಆವತ್ತು ಆರೋಗ್ಯ ಕೇಂದ್ರದ ನರ್ಸಮ್ಮ ಬಾಗಿಲಿಗೇ ಬಂದಳು. "ಅಜ್ಜೀನ ಮಾತ್ರೆಗೆ ಯಾಕೆ ಕರ್ಕೊಂಡು ಬರಲಿಲ್ಲ? ಕ್ಷಯ ಇದೆ ಅಂತ ಮೆಸೇಜ್ ಕಳಿಸಿದ್ವಲ್ಲ."

ಪೆಡಲ್ ಮೇಲಿನ ಕಾಲು ನಿಂತಿತು. "ಯಾರಿಗೆ ಕಳಿಸಿದ್ರಿ?"

ನರ್ಸಮ್ಮ ಟ್ಯಾಬ್ ನೋಡಿ ನಂಬರ್ ಓದಿದಳು. ಅದು ಬೀದಿ ತುದಿಯಲ್ಲಿ ಫೋನಿಗೆ ಕರೆನ್ಸಿ ಹಾಕುವ ಅಂಗಡಿಯವನದು, ಬೀದಿಗೆಲ್ಲ ಅವನು ಮಾವ. ಆರೋಗ್ಯ ಕೇಂದ್ರಕ್ಕೆ ಹೆಸರು ನೋಂದಾಯಿಸಲು ಅವನ ಅಂಗಡಿಗೆ ಹೋದವರಿಗೆಲ್ಲ, "ನಿಮ್ಮ ಫೋನಿಗೆ ಕೋಡ್ ಬರೋ ತನಕ ಯಾರು ಕಾಯ್ತಾರೆ" ಅಂತ ತನ್ನದೇ ನಂಬರ್ ಹಾಕಿದ್ದ ಪುಣ್ಯಾತ್ಮ.

ಇಬ್ಬರೂ ಅಂಗಡಿಗೆ ಹೋದರು.

"ದಿನಾ ನೂರೆಂಟು ಮೆಸೇಜ್ ಬರುತ್ತಮ್ಮ. ಸಾಲ ಬೇಕಾ, ಲಾಟರಿ ಹೊಡೀತು, ಅಂತ. ಎಲ್ಲಾ ಒಟ್ಟಿಗೆ ಅಳಿಸಿಬಿಡ್ತೀನಿ. ಉಪಕಾರ ಮಾಡೋಕೆ ಹೋದೆ ನಾನು," ಅಂದ ಮಾವ.

"ನಮ್ಮತ್ತೆ ಲಾಟರೀನಾ ಮಾವ? ಅವರ ಪಕ್ಕ ನನ್ನ ಮಗು ಮಲಗುತ್ತೆ. ಅವಳಿಗೆ ಅಂಟಿದ್ರೆ ಅದನ್ನೂ ಅಳಿಸ್ತೀರಾ?"

"ತಪ್ಪು ಈ ಅಂಗಡಿಯವರದೇ..." ನರ್ಸಮ್ಮ ಬಾಯಿ ತೆಗೆದಳು.

ಟೈಲರಕ್ಕ ಅವಳತ್ತ ತಿರುಗಿದಳು. "ನೀವು ಸುಮ್ನಿರಿ. ಕಳಿಸಿದ್ವಿ ಅಂತೀರಿ, ತಲುಪಿತಾ ಅಂತ ಕೇಳಿದವರು ಯಾರು? ಈ ಫೋನಿನ ಸಹವಾಸವೇ ಬೇಡ. ರಿಪೋರ್ಟ್ ಬರೆದು ಕೊಡ್ತಿದ್ದ ಹಳೇ ಚೀಟಿಯೇ ವಾಸಿ."

ನರ್ಸಮ್ಮನ ಮುಖ ಸಣ್ಣದಾಯಿತು. "ಕೇಳಬೇಕಿತ್ತು. ಕೂಗಳತೆಯಲ್ಲೇ ಇದೀವಿ, ಕೇಳಲಿಲ್ಲ. ಆದ್ರೆ ಇವತ್ತು ನನ್ನನ್ನ ಇಲ್ಲಿಗೆ ಓಡಿಸಿದ್ದು ಈ ಟ್ಯಾಬೇ. ಅಜ್ಜಿ ಮಾತ್ರೆ ಶುರು ಮಾಡಿಲ್ಲ ಅಂತ ಕೆಂಪು ತೋರಿಸ್ತು. ಚೀಟಿ ಆಗಿದ್ರೆ ಕಪಾಟಲ್ಲೇ ಕೊಳೀತಿತ್ತು. ನಡೀರಿ, ನಂಬರ್ ಬದಲಿಸೋಣ. ಮಗೂನೂ ಕರ್ಕೊಳ್ಳಿ, ಪರೀಕ್ಷೆ ಆಗಲೇಬೇಕು."

ಆರೋಗ್ಯ ಕೇಂದ್ರದಲ್ಲಿ ಕೋಡ್ ಬಂದದ್ದು ಟೈಲರಕ್ಕನ ಫೋನಿಗೆ. ಅದನ್ನು ಅವಳೇ ಓದಿ ಹೇಳಿದಳು. ಅತ್ತೆಗೆ ಮಾತ್ರೆ ಶುರುವಾಯಿತು, ಮಗುವಿನ ಪರೀಕ್ಷೆಯೂ ಆಯಿತು. ಕೆಲವು ದಿನಗಳ ಮೇಲೆ ಮತ್ತೊಂದು ಮೆಸೇಜ್: ಮಗುವಿಗೆ ಕ್ಷಯ ಇಲ್ಲ, ಮುಂದೆ ಬರದಂತೆ ಕೊಡುವ ಔಷಧಿಗೆ ಕರೆತನ್ನಿ. ಹಿಂದೆಯೇ ನರ್ಸಮ್ಮನ ಕರೆ.

"ಓದಿದ್ರಾ?"

"ಓದಿದೆ. ಈಗಲೇ ಹೊರಟೆ. ಸಿಟ್ಟು ಮಾತ್ರ ಇಳಿದಿಲ್ಲ."

"ಇಳಿಸಬೇಡಿ. ಬೀದಿಯವರನ್ನೆಲ್ಲ ಜೊತೆಗೆ ಕರ್ಕೊಂಡು ಬನ್ನಿ, ಅವರ ನಂಬರೂ ಬದಲಿಸೋಣ."

ಆರೋಗ್ಯ ಕೇಂದ್ರದಲ್ಲಿ ನಿಮ್ಮ ಮನೆಯ ಹಿರಿಯರ ಹೆಸರಿನ ಮುಂದೆ ಯಾರ ನಂಬರ್ ಇದೆ? ಇವತ್ತೇ ಹೋಗಿ ನೋಡಿ. ಬೇರೆಯವರದಾದರೆ ಬದಲಿಸಿ. ಪರೀಕ್ಷೆಗೆ ಕೊಟ್ಟ ಮೇಲೆ ಸುದ್ದಿ ಬರದಿದ್ದರೆ ಸುಮ್ಮನೆ ಕೂರಬೇಡಿ, ಕೌಂಟರ್ ಮುಂದೆ ನಿಂತು ಕೇಳಿ. ದನಿ ಸ್ವಲ್ಪ ಏರಿದರೂ ಅಡ್ಡಿಯಿಲ್ಲ.